ಪೂರ್ವಾಪರ ಮತ್ತು ಪಶ್ಚಾತ್ತಾಪ

ಪೆನ್ಸಿಲ್ವೇನಿಯಾದಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳನ್ನು ಕೂರಿಸಿಕೊಂಡು ಅ ಆ ಇ ಈ ಬರೆಸಲು ಹೊರಟ ಕನ್ನಡಿಗರು ಮೊದಲು ಮೂರು ಕಾಗದ ಹೊಂದಿಸಿಕೊಳ್ಳಬೇಕು. ಮೊದಲನೆಯದು ರಾಜ್ಯದ ಪೊಲೀಸರದು: ಈ ವ್ಯಕ್ತಿಯ ಮೇಲೆ ಅಪರಾಧದ ದಾಖಲೆ ಇದೆಯೇ ಇಲ್ಲವೇ ಎಂದು ಹೇಳುವುದು. ಎರಡನೆಯದು ರಾಜ್ಯದ ಮಾನವ ಸೇವಾ ಇಲಾಖೆಯದು: ಮಕ್ಕಳ ಮೇಲಿನ ದೌರ್ಜನ್ಯದ ಪಟ್ಟಿಯಲ್ಲಿ ಹೆಸರು ಸೇರಿಲ್ಲ ಎನ್ನುವುದು. ಮೂರನೆಯದು ಬೆರಳಚ್ಚು ಕೊಟ್ಟು ಎಫ್‌ಬಿಐನಿಂದ ಪಡೆಯುವುದು. ಸತತ 10 ವರ್ಷ ಆ ರಾಜ್ಯದಲ್ಲೇ ನೆಲೆಸಿದ ಸ್ವಯಂಸೇವಕರು ಮೂರನೆಯದರ ಬದಲು ಲಿಖಿತ ಪ್ರಮಾಣ ಮಾಡಿದರೆ ಸಾಕು. ಮೊನ್ನೆ ಮೊನ್ನೆ ಎಚ್-1ಬಿ ವೀಸಾದಲ್ಲಿ ಬಂದಿಳಿದವರಿಗೆ ಆ ವಿನಾಯಿತಿ ಇಲ್ಲ. 60 ತಿಂಗಳಿಗೊಮ್ಮೆ ಇದನ್ನೆಲ್ಲ ಹೊಸದಾಗಿ ಮಾಡಿಸಬೇಕು. ಚರ್ಚಿನ ಸಂಡೇ ಸ್ಕೂಲ್, ದೇವಸ್ಥಾನದ ಬಾಲವಿಹಾರ, ಕನ್ನಡ ಕೂಟದ ಭಾಷಾ ತರಗತಿ, ಎಲ್ಲಕ್ಕೂ ಒಂದೇ ನಿಯಮ. ಸಂಬಳವಿಲ್ಲದ ಸೇವೆಯೆಂದು ರಿಯಾಯಿತಿ ಇಲ್ಲ, ದೇವರ ಕೆಲಸವೆಂದೂ ಇಲ್ಲ.

ದೇವರ ಕೆಲಸಕ್ಕೂ ಪೊಲೀಸ್ ಕಾಗದವೇ? ಈ ಪ್ರಶ್ನೆ ಹಲವರ ಮನಸ್ಸಿನಲ್ಲಿ ಏಳುತ್ತದೆ. ಅದರಲ್ಲಿ ಸ್ವಲ್ಪ ಅವಮಾನದ ನೋವಿದೆ, ಸ್ವಲ್ಪ ಬೇಸರವಿದೆ. ಅವೆರಡನ್ನೂ ದಾಟಿ ಹೋದರೆ ಇನ್ನೊಂದು ಹಳೆಯ ಪ್ರಶ್ನೆ ಎದುರಾಗುತ್ತದೆ. ಮನುಷ್ಯ ತನ್ನ ಹಿಂದಿನದರಿಂದ ಎಂದಾದರೂ ಬಿಡುಗಡೆ ಪಡೆಯುತ್ತಾನೆಯೇ? ಕ್ಷಮೆಯನ್ನು ಸಾರುವ ಧರ್ಮಕ್ಕೆ ಒಬ್ಬನ ಪೂರ್ವಾಪರ ವಿಚಾರಿಸುವ ಅಧಿಕಾರವಿದೆಯೇ? ವಿಚಾರಿಸದಿದ್ದರೆ ಮಗುವಿಗೆ ಯಾರು ದಿಕ್ಕು?

ಕಾನೂನು ಹುಟ್ಟಿದ ಕಥೆಯಿಂದಲೇ ಶುರುಮಾಡಬೇಕು. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಬಹುಕಾಲ ಸಹಾಯಕ ತರಬೇತುದಾರನಾಗಿದ್ದ ಜೆರ್ರಿ ಸ್ಯಾಂಡಸ್ಕಿ 1977ರಲ್ಲಿ 'ದಿ ಸೆಕೆಂಡ್ ಮೈಲ್' ಎಂಬ ದತ್ತಿ ಸಂಸ್ಥೆ ಕಟ್ಟಿದ. ಕಷ್ಟದಲ್ಲಿರುವ ಮನೆಗಳ ಮಕ್ಕಳಿಗೆ ಆಸರೆಯಾಗುವುದು ಅದರ ಉದ್ದೇಶ. ಬೈಬಲ್ ಬಲ್ಲವರಿಗೆ ಆ ಹೆಸರು ಎಲ್ಲಿಂದ ಬಂತೆಂದು ಗೊತ್ತು: ಒಂದು ಮೈಲಿ ನಡೆಯಲು ಒತ್ತಾಯಿಸಿದವನ ಜೊತೆ ಎರಡು ಮೈಲಿ ನಡೆ ಎಂಬ ಯೇಸುವಿನ ಬೋಧೆ ಅದರ ಹಿಂದಿದೆ. ಊರು ಅವನನ್ನು ಸಂತನಂತೆ ಕಂಡಿತು. 2011ರ ನವೆಂಬರ್‌ನಲ್ಲಿ ಅವನ ಬಂಧನವಾಯಿತು. 2012ರ ಜೂನ್ 22ರಂದು, ಹತ್ತು ಬಾಲಕರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಸಂಬಂಧಿಸಿದ 48 ಆರೋಪಗಳ ಪೈಕಿ 45ರಲ್ಲಿ ತೀರ್ಪುಗಾರರು ಅವನನ್ನು ತಪ್ಪಿತಸ್ಥನೆಂದರು. ಶಿಕ್ಷೆ 30ರಿಂದ 60 ವರ್ಷ.

ರಾಜ್ಯ ಬೆಚ್ಚಿಬಿತ್ತು. ಮಕ್ಕಳ ರಕ್ಷಣೆಗೊಂದು ಕಾರ್ಯಪಡೆ ರಚನೆಯಾಯಿತು. ಅದರ ಶಿಫಾರಸಿನ ಮೇಲೆ 2013 ಮತ್ತು 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಸೂದೆಗಳು ಕಾನೂನಾದವು. ಅವುಗಳಲ್ಲಿ 2014ರ 153ನೇ ಕಾಯ್ದೆ ಹಿನ್ನೆಲೆ ಪರಿಶೀಲನೆಯ ಬಲೆಯನ್ನು ಅಗಲವಾಗಿ ಬೀಸಿತು. ಯಾರು ಒಳಗೆ, ಯಾರು ಹೊರಗೆ ಎಂಬ ಗೊಂದಲ ಎದ್ದಾಗ 2015ರ 15ನೇ ಕಾಯ್ದೆ ಅದನ್ನು ತಿದ್ದಿತು: ಮಕ್ಕಳ ಆರೈಕೆ, ಮೇಲ್ವಿಚಾರಣೆ, ಮಾರ್ಗದರ್ಶನ ಅಥವಾ ಹತೋಟಿ ಕೈಯಲ್ಲಿದ್ದು, ಅವರೊಂದಿಗೆ ನಿಯತವಾಗಿ ಒಡನಾಡುವ ಸ್ವಯಂಸೇವಕರಿಗೆ ಮಾತ್ರ ಇದು ಅನ್ವಯ. ಜಾತ್ರೆಯ ದಿನ ಪಾನಕ ಹಂಚುವವರನ್ನು ಬಿಟ್ಟು ವಾರವಾರ ಪಾಠ ಹೇಳುವವರನ್ನು ಹಿಡಿಯಿತು ಎಂದರೆ ಅರ್ಥವಾದೀತು.

ಇಲ್ಲಿ ಒಂದು ಕಹಿ ಸತ್ಯವಿದೆ. ಈ ಕಾನೂನು ಮೂವತ್ತು ವರ್ಷ ಮೊದಲೇ ಇದ್ದಿದ್ದರೂ ಸ್ಯಾಂಡಸ್ಕಿಯ ಕೈಗೆ ಶುಭ್ರವಾದ ಪ್ರಮಾಣಪತ್ರವೇ ಸಿಗುತ್ತಿತ್ತು. 1998ರಲ್ಲಿ ಒಬ್ಬ ತಾಯಿ ದೂರು ಕೊಟ್ಟಿದ್ದಳು. ಪೊಲೀಸರು ವಿಚಾರಿಸಿದರು, ಮೊಕದ್ದಮೆ ಹೂಡಲಿಲ್ಲ. 2001ರಲ್ಲಿ ವಿಶ್ವವಿದ್ಯಾಲಯದ ಸ್ನಾನದ ಕೋಣೆಯಲ್ಲಿ ಕಂಡದ್ದನ್ನು ಒಬ್ಬ ಕಿರಿಯ ತರಬೇತುದಾರ ತನ್ನ ಮೇಲಿನವರಿಗೆ ಹೇಳಿದ, ಅವರು ಅವರ ಮೇಲಿನವರಿಗೆ ಹೇಳಿದರು. ಮಾತು ಮೆಟ್ಟಿಲು ಹತ್ತುತ್ತ ಹೋಯಿತು, ಪೊಲೀಸ್ ಠಾಣೆಯ ಬಾಗಿಲಿಗೆ ಮಾತ್ರ ಮುಟ್ಟಲಿಲ್ಲ. 2008ರಲ್ಲಿ ಒಬ್ಬ ಶಾಲಾ ಬಾಲಕ ಬಾಯಿ ಬಿಟ್ಟ ಮೇಲೆ ತನಿಖೆ ಆರಂಭವಾಯಿತು. 2010ರಲ್ಲಿ ಸ್ಯಾಂಡಸ್ಕಿ ಒಂದು ಕಾಲೇಜಿನಲ್ಲಿ ಸ್ವಯಂಸೇವಕ ತರಬೇತುದಾರನಾಗಲು ಹೋದಾಗ ಹಿನ್ನೆಲೆ ಪರಿಶೀಲನೆಯಲ್ಲಿ ಆ ತನಿಖೆಯ ಸುಳಿವು ಸಿಕ್ಕಿ ಅವನಿಗೆ ಬಾಗಿಲು ಮುಚ್ಚಿತು. ಅಂದರೆ ಪರಿಶೀಲನೆ ಫಲ ಕೊಟ್ಟಿತು, ಆದರೆ ಒಂದು ಮಗು ಮಾತಾಡಿದ ನಂತರ. ಕಾಗದಕ್ಕೆ ತಾನಾಗಿ ಕಣ್ಣಿಲ್ಲ. ಯಾರೋ ಕಂಡದ್ದನ್ನು, ಕಂಡು ಹೇಳಿದ್ದನ್ನು, ಹೇಳಿದಾಗ ಇನ್ನೊಬ್ಬರು ನಂಬಿ ಬರೆದುಕೊಂಡದ್ದನ್ನು ಮಾತ್ರ ಅದು ತೋರಿಸಬಲ್ಲದು.

ಪೂರ್ವಾಪರ ವಿಚಾರಿಸುವುದು ಧರ್ಮಕ್ಕೆ ಹೊರಗಿನಿಂದ ಬಂದ ಕಿರಿಕಿರಿ ಎಂದು ತಿಳಿಯುವವರು ಧರ್ಮಗ್ರಂಥಗಳನ್ನೇ ತೆರೆದು ನೋಡಬೇಕು. ಬೈಬಲ್ಲಿನ 'ಅಪೊಸ್ತಲರ ಕೃತ್ಯಗಳು' ಪುಸ್ತಕದಲ್ಲಿ ಸೌಲ ದಮಸ್ಕದ ದಾರಿಯಲ್ಲಿ ಬೆಳಕು ಕಂಡು ಬದಲಾದ ಪ್ರಸಂಗವಿದೆ. ಅವನ ಬಳಿಗೆ ಹೋಗೆಂದು ದಮಸ್ಕದ ಶಿಷ್ಯ ಅನನೀಯನಿಗೆ ದೇವರ ಅಪ್ಪಣೆಯಾಗುತ್ತದೆ. ಅನನೀಯ ಕೂಡಲೇ ತಲೆಬಾಗುವುದಿಲ್ಲ. ಈ ಮನುಷ್ಯ ಜೆರುಸಲೇಮಿನಲ್ಲಿ ಭಕ್ತರಿಗೆ ಎಷ್ಟು ಕೇಡು ಮಾಡಿದ್ದಾನೆಂದು ಹಲವರಿಂದ ಕೇಳಿದ್ದೇನೆ ಎಂದು ದೇವರಿಗೇ ಎದುರು ಹೇಳುತ್ತಾನೆ. ದೇವರು ಅದಕ್ಕಾಗಿ ಅವನನ್ನು ಗದರುವುದಿಲ್ಲ. ಮುಂದೆ ಸೌಲ ಜೆರುಸಲೇಮಿಗೆ ಬಂದಾಗ ಅಲ್ಲಿನ ಶಿಷ್ಯರು ಹೆದರಿ ದೂರ ನಿಲ್ಲುತ್ತಾರೆ. ಬಾರ್ನಬನು ಅವನ ಕೈ ಹಿಡಿದು ಒಳಗೆ ಕರೆದೊಯ್ದು, ಇವನಿಗೆ ನಾನು ಹೊಣೆ ಎನ್ನುವಂತೆ ನಿಲ್ಲುತ್ತಾನೆ. ಮುಂದೆ ಕ್ರೈಸ್ತ ಸಭೆಯ ಅತಿ ದೊಡ್ಡ ಪ್ರಚಾರಕ ಪೌಲನಾದ ಈ ಸೌಲ ಒಳಗೆ ಬಂದದ್ದು ಹೀಗೆ: ಮೊದಲು ಸಂಶಯ, ಆಮೇಲೆ ವಿಚಾರಣೆ, ಆಮೇಲೆ ಒಬ್ಬ ಜಾಮೀನುದಾರ. ಅದೇ ಪೌಲನ ಹೆಸರಿನಲ್ಲಿರುವ ತಿಮೊಥೆಯನಿಗೆ ಬರೆದ ಮೊದಲ ಪತ್ರ, ಸಭೆಯ ಮೇಲ್ವಿಚಾರಕನಿಗೆ ಹೊರಗಿನವರಲ್ಲೂ ಒಳ್ಳೆಯ ಹೆಸರಿರಬೇಕು, ಸೇವಕರನ್ನು ಮೊದಲು ಪರೀಕ್ಷಿಸಬೇಕು ಎಂದು ವಿಧಿಸುತ್ತದೆ.

ಇದಕ್ಕಿಂತ ಆಳವಾದದ್ದು ಬೌದ್ಧರ ವಿನಯಪಿಟಕದ ಒಂದು ನಿಯಮ. ಅಂಗುಲಿಮಾಲನ ಕಥೆ ಎಲ್ಲರಿಗೂ ಗೊತ್ತು. ಬೆರಳುಗಳ ಮಾಲೆ ತೊಟ್ಟ ಕೊಲೆಗಾರನನ್ನು ಬುದ್ಧ ಭಿಕ್ಷುವಾಗಿಸಿದ. ಅವನನ್ನು ಹಿಡಿಯಲು ಐನೂರು ಕುದುರೆ ಸವಾರರೊಂದಿಗೆ ಬಂದ ಕೋಸಲದ ಅರಸ ಪ್ರಸೇನಜಿತ್, ತಲೆ ಬೋಳಿಸಿಕೊಂಡು ಕುಳಿತವನನ್ನು ಕಂಡು ಬೆರಗಾಗಿ ನಮಸ್ಕರಿಸಿ ಹೋದ. ಕಥೆ ಹೇಳುವವರು ಹೆಚ್ಚಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ವಿನಯಪಿಟಕದ ಮಹಾವಗ್ಗ ಮುಂದುವರಿಸುತ್ತದೆ: ಅವನನ್ನು ಬೀದಿಯಲ್ಲಿ ಕಂಡ ಜನ ಹೆದರಿ ಓಡಿದರು, ಈ ಶಾಕ್ಯಪುತ್ರರು, ಅಂದರೆ ಬುದ್ಧನ ಭಿಕ್ಷುಗಳು, ಹೆಸರಾದ ಕಳ್ಳನಿಗೂ ದೀಕ್ಷೆ ಕೊಡುತ್ತಾರಲ್ಲ ಎಂದು ಗೊಣಗಿದರು. ಮಾತು ಬುದ್ಧನ ಕಿವಿಗೆ ಬಿತ್ತು. ಕಳ್ಳನೆಂಬ ಗುರುತು ಹೊತ್ತವನಿಗೆ ಇನ್ನು ಮುಂದೆ ದೀಕ್ಷೆ ಕೊಡಕೂಡದು ಎಂದು ಅವನು ನಿಯಮ ಮಾಡಿದ. ಅದರ ಬೆನ್ನಿಗೇ ಸೆರೆಮನೆಯಿಂದ ತಪ್ಪಿಸಿಕೊಂಡವನಿಗೆ ಇಲ್ಲ, ಸಾಲಗಾರನಿಗೆ ಇಲ್ಲ ಎಂಬ ನಿಯಮಗಳು ಬಂದವು. 'ಲಿಖಿತಕ ಚೋರ'ನಿಗೂ ಇಲ್ಲ. ಲಿಖಿತಕ ಚೋರನೆಂದರೆ ಯಾರ ಹೆಸರು ರಾಜಾಜ್ಞೆಯಲ್ಲಿ ಬರಹಕ್ಕೆ ಇಳಿದಿದೆಯೋ ಅವನು. ದಾಖಲೆಯಲ್ಲಿ ಹೆಸರಿದ್ದವನಿಗೆ ಪ್ರವೇಶವಿಲ್ಲ ಎಂಬ ಮಾತು ಎರಡು ಸಾವಿರ ವರ್ಷಕ್ಕೂ ಹಿಂದೆ ಒಂದು ಧರ್ಮಸಂಘದ ಒಳಗೇ ಬರೆಯಲ್ಪಟ್ಟಿತ್ತು.

ಈ ನಿಯಮ ಬಂದ ಮೇಲೂ ಬುದ್ಧ ಅಂಗುಲಿಮಾಲನನ್ನು ಹೊರಗೆ ಕಳಿಸಲಿಲ್ಲ. ಅವನು ಅರಹಂತನಾದ. ಆದರೆ ಭಿಕ್ಷೆಗೆ ಹೋದಾಗ ಜನ ಕಲ್ಲು, ಹೆಂಟೆ ಎಸೆದರು. ಒಡೆದ ಪಾತ್ರೆ, ಹರಿದ ಚೀವರ, ಸುರಿವ ರಕ್ತದೊಂದಿಗೆ ಹಿಂದಿರುಗಿದ ಅವನಿಗೆ ಬುದ್ಧ ಹೇಳಿದ್ದು ಸಹಿಸು ಎಂದೇ. ನರಕದಲ್ಲಿ ಬಹುಕಾಲ ಉಣ್ಣಬೇಕಿದ್ದ ಫಲವನ್ನು ಇಲ್ಲಿಯೇ ಉಣ್ಣುತ್ತಿದ್ದೀಯೆ ಎಂದ. ಒಳಗಿನ ಬಿಡುಗಡೆ ಪೂರ್ಣವಾಗಿತ್ತು, ಹೊರಗಿನ ಪರಿಣಾಮ ಉಳಿದಿತ್ತು. ಎರಡೂ ಒಂದೇ ಮನುಷ್ಯನಲ್ಲಿ, ಒಂದೇ ಹೊತ್ತಿಗೆ ನಿಜವಾಗಿದ್ದವು.

ವೇದಾಂತಿಗಳ ಬಳಿ ಇದಕ್ಕೊಂದು ಸ್ಪಷ್ಟವಾದ ಪದವಿದೆ: ಪ್ರಾರಬ್ಧ. ಜ್ಞಾನ ಉದಿಸಿದರೆ ಕೂಡಿಟ್ಟ ಸಂಚಿತ ಸುಟ್ಟುಹೋಗುತ್ತದೆ, ಬರಲಿರುವ ಆಗಾಮಿ ಅಂಟುವುದಿಲ್ಲ. ಫಲ ಕೊಡಲು ತೊಡಗಿದ ಪ್ರಾರಬ್ಧವನ್ನು ಮಾತ್ರ ಉಂಡೇ ತೀರಿಸಬೇಕು. ಶಂಕರರು ಇದಕ್ಕೆ ಕುಂಬಾರನ ಚಕ್ರದ ಹೋಲಿಕೆ ಕೊಡುತ್ತಾರೆ. ಕೈ ತೆಗೆದ ಮೇಲೂ ಅದು ಸ್ವಲ್ಪ ಹೊತ್ತು ತಿರುಗುತ್ತದೆ. ಪೆನ್ಸಿಲ್ವೇನಿಯಾದ ಕಾನೂನನ್ನು ಈ ಬೆಳಕಿನಲ್ಲಿ ನೋಡಿದರೆ ಎರಡು ಮಾತು ಸ್ಪಷ್ಟವಾಗುತ್ತವೆ. ಪಶ್ಚಾತ್ತಾಪಪಟ್ಟವನಿಗೂ ಕೆಲವು ಬಾಗಿಲು ಮುಚ್ಚಿರುವುದು ಅವನ ಪಶ್ಚಾತ್ತಾಪಕ್ಕೆ ಮಾಡಿದ ಅಪಮಾನವಾಗಬೇಕಿಲ್ಲ. ಹಾಗೆಯೇ ತಿರುಗುವ ಚಕ್ರ ಒಂದು ದಿನ ನಿಲ್ಲಲೇಬೇಕು. ನಿಲ್ಲದಂತೆ ಮತ್ತೆ ಮತ್ತೆ ಕೈಹಾಕಿ ತಿರುಗಿಸುವ ಹಕ್ಕು ಯಾರಿಗೂ ಇಲ್ಲ.

ಈ ಎರಡು ಮಾತುಗಳನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಅದೇ ರಾಜ್ಯದಲ್ಲಿ ಎರಡು ಉದಾಹರಣೆಗಳಿವೆ. ಒಂದು ಚರ್ಚಿನದು, ಒಂದು ಶಾಸನಸಭೆಯದು.

2018ರ ಆಗಸ್ಟ್ 14ರಂದು ರಾಜ್ಯದ ಆಗಿನ ಅಟಾರ್ನಿ ಜನರಲ್ ಜೋಶ್ ಶಪಿರೊ ಗ್ರ್ಯಾಂಡ್ ಜ್ಯೂರಿಯ ವರದಿಯೊಂದನ್ನು ಬಿಡುಗಡೆ ಮಾಡಿದರು. ಅಲೆನ್‌ಟೌನ್, ಈರಿ, ಗ್ರೀನ್ಸ್‌ಬರ್ಗ್, ಹ್ಯಾರಿಸ್‌ಬರ್ಗ್, ಪಿಟ್ಸ್‌ಬರ್ಗ್, ಸ್ಕ್ರ್ಯಾಂಟನ್ ಎಂಬ ಆರು ಕ್ಯಾಥೊಲಿಕ್ ಧರ್ಮಪ್ರಾಂತ್ಯಗಳು, 70 ವರ್ಷಗಳ ಅವಧಿ, 300ಕ್ಕೂ ಹೆಚ್ಚು ಪಾದ್ರಿಗಳು, ಗುರುತಿಸಬಹುದಾದ ಸಾವಿರಕ್ಕೂ ಹೆಚ್ಚು ಮಕ್ಕಳು. ಇವರೆಲ್ಲರ ಪೂರ್ವಾಪರ ಯಾರಿಗೂ ಗೊತ್ತಿರಲಿಲ್ಲವೆಂದಲ್ಲ. ಕ್ಯಾಥೊಲಿಕ್ ಧರ್ಮಶಾಸನದ 489 ಮತ್ತು 490ನೇ ವಿಧಿಗಳಂತೆ ಪ್ರತಿ ಧರ್ಮಪ್ರಾಂತ್ಯದಲ್ಲೂ ಒಂದು ರಹಸ್ಯ ದಫ್ತರ ಇರಬೇಕು, ಅದರ ಕೀಲಿ ಬಿಷಪ್ಪರ ಬಳಿ ಮಾತ್ರ ಇರಬೇಕು. ದೂರುಗಳು ಅಲ್ಲಿ ಇದ್ದವು, ಬರಹದಲ್ಲಿ, ದಿನಾಂಕ ಸಹಿತ. ಅವು ಪೊಲೀಸರ ದಾಖಲೆಯಾಗಲಿಲ್ಲ. ಆರೋಪ ಹೊತ್ತ ಪಾದ್ರಿಯನ್ನು ಚರ್ಚೇ ನಡೆಸುವ ಚಿಕಿತ್ಸಾ ಕೇಂದ್ರಕ್ಕೆ ಕಳಿಸುವುದು, ಊರಿಗೆ ಅನಾರೋಗ್ಯದ ರಜೆಯೆಂದು ತಿಳಿಸುವುದು, ಗುಲ್ಲೆದ್ದರೆ ಅವನ ಹಿಂದಿನದೇನೂ ಗೊತ್ತಿಲ್ಲದ ಇನ್ನೊಂದು ಊರಿಗೆ ವರ್ಗ ಮಾಡುವುದು: ಇದು ಒಂದು ಪದ್ಧತಿಯೇ ಆಗಿತ್ತೆಂದು ವರದಿ ಹೇಳಿತು. ಅಷ್ಟರಲ್ಲಿ ಬಹುತೇಕ ಪ್ರಕರಣಗಳಲ್ಲಿ ಮೊಕದ್ದಮೆ ಹೂಡುವ ಕಾಲಮಿತಿ ಮುಗಿದುಹೋಗಿತ್ತು.

ತಮ್ಮ ನಡೆಗೆ ಸಮರ್ಥನೆಯಾಗಿ ಧರ್ಮಾಧಿಕಾರಿಗಳ ಬಳಿ ಇದ್ದ ಮಾತು ಕ್ಷಮೆ. ಪಾಪಿಗೆ ಪಶ್ಚಾತ್ತಾಪದ ಅವಕಾಶ ಕೊಡಬೇಕು, ಬಿದ್ದವನನ್ನು ಎತ್ತಬೇಕು. ಮಾತು ದೊಡ್ಡದು, ಬಳಸಿದ ಜಾಗ ತಪ್ಪು. ಯೆಹೂದಿಗಳ ಮಿಶ್ನಾದಲ್ಲಿ ಒಂದು ವಿವೇಕವಿದೆ: ದೇವರಿಗೆ ಮಾಡಿದ ಅಪರಾಧವನ್ನು ಪ್ರಾಯಶ್ಚಿತ್ತದ ದಿನ ತೊಳೆದೀತು, ನೆರೆಯವನಿಗೆ ಮಾಡಿದ್ದನ್ನು ಆ ನೆರೆಯವನನ್ನೇ ಸಮಾಧಾನಪಡಿಸದೆ ಯಾವ ದಿನವೂ ತೊಳೆಯದು. ಬಿಷಪ್ಪರು ಕ್ಷಮಿಸಿದ್ದು ಯಾರ ಪರವಾಗಿ? ನೊಂದ ಮಗುವಿನ ಪರವಾಗಿಯೇ? ಆ ಮಗುವನ್ನು ಅವರು ಕೇಳಿರಲಿಲ್ಲ. ಇನ್ನೊಬ್ಬರ ಗಾಯವನ್ನು ಕ್ಷಮಿಸುವ ಅಧಿಕಾರ ಯಾವ ಪೀಠಕ್ಕೂ ಇಲ್ಲ.

ಒಂದು ವೇಳೆ ನೊಂದವರೇ ಕ್ಷಮಿಸಿದರು ಎನ್ನೋಣ. ಆಗಲೂ ಕ್ಷಮಿಸುವುದು ಒಂದು ಕೆಲಸ, ಮಗುವನ್ನು ಕೈಗೆ ಒಪ್ಪಿಸುವುದು ಇನ್ನೊಂದು ಕೆಲಸ. ಮೊದಲನೆಯದು ಹೃದಯಕ್ಕೆ ಸೇರಿದ್ದು, ಎರಡನೆಯದು ಹೊಣೆಗೆ ಸೇರಿದ್ದು. ಒಂದು ಮಾಡಿದ್ದರಿಂದ ಇನ್ನೊಂದನ್ನೂ ಮಾಡಲೇಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. 12ನೇ ಶತಮಾನದ ಯೆಹೂದಿ ಚಿಂತಕ ಮೈಮೊನೈಡಿಸ್, ಅದೇ ಸಂದರ್ಭ, ಅದೇ ಅವಕಾಶ ಮತ್ತೆ ಎದುರಾದಾಗ ಯಾರು ತಪ್ಪು ಮಾಡದೆ ಉಳಿಯುತ್ತಾನೋ ಅವನದೇ ಪರಿಪೂರ್ಣ ಪಶ್ಚಾತ್ತಾಪ ಎಂದ. ಸಾಧಕನ ದೃಷ್ಟಿಯಿಂದ ಇದು ಸರಿ. ಆದರೆ ಆ ಪರೀಕ್ಷೆಗೆ ಒಂದು ಮಗುವನ್ನು ಒರೆಗಲ್ಲಾಗಿ ಇಡಬಹುದೇ? ಇಡಬಾರದು. ಇದರಲ್ಲಿ ಎರಡನೆಯ ಮಾತಿಲ್ಲ. ಪಶ್ಚಾತ್ತಾಪ ನಿಜವಾಗಿದ್ದರೆ ಅವನೇ ಆ ಬಾಗಿಲಿನ ಬಳಿ ಹೋಗಲಾರ. ಬೇರೆ ನೂರು ಸೇವೆಗಳಿವೆ.

2002ರಲ್ಲಿ ಬಾಸ್ಟನ್ನಿನಲ್ಲಿ ಪಾದ್ರಿಗಳ ದೌರ್ಜನ್ಯವನ್ನು ಮುಚ್ಚಿಟ್ಟ ಹಗರಣ ಬಯಲಾದ ಮೇಲೆ ಅಮೆರಿಕದ ಬಿಷಪ್ಪರು ಡಲ್ಲಾಸ್‌ನಲ್ಲಿ ಸೇರಿ, ಮಕ್ಕಳ ಸಂಪರ್ಕಕ್ಕೆ ಬರುವ ಪಾದ್ರಿಗಳು, ನೌಕರರು, ಸ್ವಯಂಸೇವಕರೆಲ್ಲರ ಹಿನ್ನೆಲೆ ಪರಿಶೀಲನೆಯನ್ನು ತಮ್ಮ ಸನ್ನದಿನಲ್ಲೇ ಸೇರಿಸಿಕೊಂಡರು. ರಾಜ್ಯ ಕೇಳುವ ಮೊದಲೇ ಚರ್ಚು ಕೇಳತೊಡಗಿತು ಎಂಬುದನ್ನು ನ್ಯಾಯವಾಗಿ ಹೇಳಬೇಕು. ತಡವಾಗಿ ಕೇಳಿತು ಎಂಬುದನ್ನೂ.

ಶಾಸನಸಭೆಯ ತಪ್ಪು ಚರ್ಚಿನ ತಪ್ಪಿನ ತಿರುಗುಮುರುಗು. 1990ರ ದಶಕದ ಕೊನೆಯಲ್ಲಿ ಪೆನ್ಸಿಲ್ವೇನಿಯಾ ವೃದ್ಧರ ರಕ್ಷಣೆಯ ಕಾಯ್ದೆಗೆ ಹಿನ್ನೆಲೆ ಪರಿಶೀಲನೆಯನ್ನು ಜೋಡಿಸಿತು. ವೃದ್ಧಾಶ್ರಮಗಳಲ್ಲಿ, ಮನೆ ಆರೈಕೆಯಲ್ಲಿ ಕೆಲಸ ಮಾಡುವವರ ಮೇಲೆ ಪಟ್ಟಿಯಲ್ಲಿರುವ ಅಪರಾಧ ಇದ್ದರೆ ಜೀವನಪರ್ಯಂತ ನಿಷೇಧ. ಪಟ್ಟಿಯಲ್ಲಿ ಕೊಲೆ, ಅತ್ಯಾಚಾರದ ಜೊತೆಗೆ ಕಳ್ಳತನವೂ ಇತ್ತು. ಅಪರಾಧ ಎಷ್ಟು ಹಳೆಯದು, ಆಗ ಅವನ ವಯಸ್ಸೆಷ್ಟು, ಆಮೇಲೆ ಹೇಗೆ ಬಾಳಿದ, ಯಾವುದೂ ಲೆಕ್ಕಕ್ಕಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನೇ ಕಾನೂನು ಮಾಡಿದಂತೆ. ಅದೇ ಸಂಸ್ಥೆಯಲ್ಲಿ ಕಾಯ್ದೆ ಜಾರಿಗೆ ಬರುವ ಮೊದಲು ಒಂದು ವರ್ಷ ಕೆಲಸ ಮಾಡಿದ್ದವರಿಗೆ ಮಾತ್ರ ವಿನಾಯಿತಿ ಇತ್ತು. 2003ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಕೈ ಹಾಕಿದ್ದು ಆ ಬಿರುಕಿಗೇ: ಒಂದು ವರ್ಷ ಒಳ್ಳೆಯದಾಗಿ ದುಡಿದವನು ನಂಬಿಕೆಗೆ ಅರ್ಹನಾದರೆ, ಹಲವು ವರ್ಷ ಇನ್ನೊಂದು ಸಂಸ್ಥೆಯಲ್ಲಿ ದುಡಿದವನು ಏಕೆ ಅಲ್ಲ? ಆ ತೀರ್ಪು ಮೊಕದ್ದಮೆ ಹೂಡಿದವರಿಗಷ್ಟೇ ಪರಿಹಾರ ಕೊಟ್ಟಿತು, ಕಾನೂನು ಹಾಗೆಯೇ ಉಳಿಯಿತು. 1981ರಲ್ಲಿ ಕಾರು ಕಳವಿನ ಯತ್ನದಲ್ಲಿ ಸಿಕ್ಕಿಬಿದ್ದು, ಆಮೇಲೆ ಆರೈಕೆಯ ಕೆಲಸವನ್ನೇ ನೆಚ್ಚಿಕೊಂಡ ಒಬ್ಬ ವ್ಯಕ್ತಿ ಮೂರು ದಶಕಗಳಾದರೂ ಆ ಒಂದು ಸಾಲಿನಿಂದಾಗಿ ಕೆಲಸ ಕಳೆದುಕೊಳ್ಳುತ್ತಲೇ ಇದ್ದ. ಅವನೂ ಅವನಂಥ ಕೆಲವರೂ ನ್ಯಾಯಾಲಯಕ್ಕೆ ಹೋದರು. 2015ರ ಡಿಸೆಂಬರ್ 30ರಂದು ರಾಜ್ಯದ ಕಾಮನ್‌ವೆಲ್ತ್ ನ್ಯಾಯಾಲಯ ಆ ಜೀವನಪರ್ಯಂತದ ನಿಷೇಧವನ್ನು ರಾಜ್ಯ ಸಂವಿಧಾನಕ್ಕೆ ವಿರುದ್ಧವೆಂದು ತೆಗೆದುಹಾಕಿತು.

ಚರ್ಚು ಎಲ್ಲವನ್ನೂ ಅಳಿಸಿತು, ಶಾಸನಸಭೆ ಏನನ್ನೂ ಅಳಿಸಲು ಬಿಡಲಿಲ್ಲ. ಎರಡೂ ಕಡೆ ಮನುಷ್ಯನನ್ನು ನೋಡುವ ಶ್ರಮ ತಪ್ಪಿತು.

ಇಲ್ಲಿ ಚಿತ್ರಗುಪ್ತನ ನೆನಪಾಗುತ್ತದೆ. ಯಮನ ಆಸ್ಥಾನದ ಈ ಲೆಕ್ಕಿಗ ಬರೆಯುವುದು ಪಾಪವನ್ನೂ, ಪುಣ್ಯವನ್ನೂ. ಒಂದು ಪುಟ ನೋಡಿ ಅವನು ತೀರ್ಪಿಗೆ ಕಳಿಸುವುದಿಲ್ಲ. ಸರ್ಕಾರದ ದಫ್ತರಕ್ಕೆ ಒಂದೇ ಪುಟ. ಕಾರು ಕದಿಯಲು ಹೋದ ರಾತ್ರಿ ಅದರಲ್ಲಿದೆ; ಆಮೇಲೆ ರೋಗಿಗಳ ಮಗ್ಗುಲಲ್ಲಿ ಎಚ್ಚರವಾಗಿ ಕುಳಿತ ಸಾವಿರ ರಾತ್ರಿಗಳು ಇಲ್ಲ. ಅಷ್ಟೇ ಅಲ್ಲ, ಆ ಪುಟ ಎಲ್ಲರ ಮೇಲೆ ಒಂದೇ ತೂಕವಾಗಿ ಬೀಳುವುದಿಲ್ಲ. ಸಮಾಜಶಾಸ್ತ್ರಜ್ಞೆ ದೇವಾ ಪೇಜರ್ ವಿಸ್ಕಾನ್ಸಿನ್ನಿನ ಮಿಲ್ವಾಕಿಯಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಒಂದೇ ಅರ್ಹತೆಯ ಯುವಕರನ್ನು ಕೆಲಸ ಕೇಳಲು ಕಳಿಸಿದರು. ಜೈಲಿನ ದಾಖಲೆ ಇಲ್ಲದ ಬಿಳಿಯರಿಗೆ ಶೇ 34ರಷ್ಟು ಕಡೆ ಮರುಕರೆ ಬಂತು, ದಾಖಲೆ ಇದ್ದ ಬಿಳಿಯರಿಗೆ ಶೇ 17. ದಾಖಲೆ ಇಲ್ಲದ ಕಪ್ಪು ಯುವಕರಿಗೆ ಶೇ 14, ಇದ್ದವರಿಗೆ ಶೇ 5. ಏನೂ ಮಾಡದ ಕಪ್ಪು ಯುವಕನಿಗಿಂತ ಜೈಲಿಗೆ ಹೋಗಿಬಂದ ಬಿಳಿಯನೇ ವಾಸಿ ಎಂದು ಆ ಮಾಲೀಕರು ಭಾವಿಸಿದಂತಾಯಿತು. ಹಿನ್ನೆಲೆ ಎಂಬ ಮಾತು ಎಷ್ಟೆಲ್ಲವನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ ಎಂಬುದಕ್ಕೆ ಈ ನಾಲ್ಕು ಅಂಕಿಗಳು ಸಾಕು.

ಪೆನ್ಸಿಲ್ವೇನಿಯಾ ಈ ಪ್ರಶ್ನೆಯೊಂದಿಗೆ ಹುಟ್ಟಿನಿಂದಲೇ ಹೆಣಗಿದ ನೆಲ. ಅದನ್ನು 1681ರಲ್ಲಿ ಸ್ಥಾಪಿಸಿದ ಕ್ವೇಕರ್ ಪಂಥದ ವಿಲಿಯಂ ಪೆನ್ ಅದಕ್ಕೆ ಮೊದಲು ತನ್ನ ಧಾರ್ಮಿಕ ಬರಹಕ್ಕಾಗಿ ಲಂಡನ್ ಟವರ್‌ನಲ್ಲಿ ಸೆರೆಯಲ್ಲಿದ್ದವನು; 1670ರಲ್ಲಿ ಬೀದಿಯಲ್ಲಿ ಪ್ರವಚನ ಮಾಡಿದ್ದಕ್ಕೆ ಮತ್ತೆ ಬಂಧಿತನಾದವನು. ರಾಜ್ಯದ ಸ್ಥಾಪಕನಿಗೇ ಪೊಲೀಸ್ ದಾಖಲೆ ಇತ್ತು ಎನ್ನಬಹುದು. ಸೆರೆಯ ಅನುಭವವೂ, ಪ್ರತಿ ಮನುಷ್ಯನಲ್ಲೂ ದೇವರ ಬೆಳಕಿದೆ ಎಂಬ ನಂಬಿಕೆಯೂ ಸೇರಿ, ಇಂಗ್ಲೆಂಡಿನಲ್ಲಿ ಸಣ್ಣಪುಟ್ಟ ಕಳವಿಗೂ ನೇಣು ಹಾಕುತ್ತಿದ್ದ ಕಾಲದಲ್ಲಿ ಅವನ ವಸಾಹತು ಮರಣದಂಡನೆಯನ್ನು ಕೊಲೆಯಂಥ ಅಪರಾಧಕ್ಕೆ ಮಾತ್ರ ಉಳಿಸಿಕೊಂಡಿತು.

ಆ ನಂಬಿಕೆಯ ಕಟ್ಟಡವೊಂದು ಫಿಲಡೆಲ್ಫಿಯಾದಲ್ಲಿ ಇಂದಿಗೂ ನಿಂತಿದೆ. 1829ರಲ್ಲಿ ತೆರೆದ ಈಸ್ಟರ್ನ್ ಸ್ಟೇಟ್ ಸೆರೆಮನೆ. ಪಶ್ಚಾತ್ತಾಪದ ಮನೆ ಎಂಬುದು ಅಲ್ಲಿನವರ ಭಾಷೆಯಲ್ಲಿ ಆ ಬಗೆಯ ಸೆರೆಮನೆಯ ಹೆಸರಿನ ಅರ್ಥವೇ ಆಗಿತ್ತು. ಒಬ್ಬರಿಗೊಂದು ಕೋಣೆ, ಮೇಲೊಂದು ಬೆಳಕಿಂಡಿ, ಓದಲು ಬೈಬಲ್. ಕೈದಿಗೆ ಹೆಸರಿರಲಿಲ್ಲ, ಸಂಖ್ಯೆಯಿತ್ತು. ಕೋಣೆಯಿಂದ ಹೊರಗೆ ಬಂದರೆ ಮುಖಕ್ಕೆ ಮುಸುಕು. ಆ ಮುಸುಕಿನ ಉದ್ದೇಶಗಳಲ್ಲಿ ಒಂದು ಇದು: ಯಾರೂ ಯಾರನ್ನೂ ಗುರುತಿಸಬಾರದು, ಬಿಡುಗಡೆಯಾಗಿ ಹೋದ ಮೇಲೆ ಜೈಲಿನ ನೆರಳು ಬೀದಿಯಲ್ಲಿ ಅವನನ್ನು ಹಿಂಬಾಲಿಸಬಾರದು. ಗತವನ್ನು ಮರೆಸಲು ಸರ್ಕಾರವೇ ಹೊಲಿಸಿದ ಬಟ್ಟೆ ಅದು. ಏಕಾಂತ ಕೈದಿಗಳ ಮನಸ್ಸನ್ನು ಮುರಿಯುತ್ತದೆಂದು 1842ರಲ್ಲಿ ಅಲ್ಲಿಗೆ ಬಂದ ಚಾರ್ಲ್ಸ್ ಡಿಕನ್ಸ್ ಕಂಡು ಕಟುವಾಗಿ ಬರೆದ. ಅವನು ಬರೆದದ್ದು ಸರಿಯಾಗಿತ್ತು. ದಾರಿ ಕ್ರೂರವಾಗಿತ್ತು. ಆದರೆ ಶಿಕ್ಷೆ ಮುಗಿದವನು ಹೊಸ ಮನುಷ್ಯನಾಗಿ ನಡೆದುಹೋಗಲಿ ಎಂಬ ಆಸೆ ಬೆಲೆಯುಳ್ಳದ್ದು.

ಆ ಆಸೆ 2018ರಲ್ಲಿ ಬೇರೆ ರೂಪದಲ್ಲಿ ಹಿಂದಿರುಗಿತು. 'ಕ್ಲೀನ್ ಸ್ಲೇಟ್' ಕಾಯ್ದೆ. ಸಣ್ಣ ಅಪರಾಧಕ್ಕೆ ಶಿಕ್ಷೆಯಾಗಿ 10 ವರ್ಷ ಮತ್ತೆ ತಪ್ಪು ಮಾಡದೆ ಬಾಳಿದರೆ, ಅಥವಾ ಬಂಧನವಾಗಿಯೂ ಅಪರಾಧ ಸಾಬೀತಾಗದಿದ್ದರೆ, ಕಂಪ್ಯೂಟರ್ ತಾನಾಗಿಯೇ ಆ ದಾಖಲೆಯನ್ನು ಸಾರ್ವಜನಿಕರ ಕಣ್ಣಿಂದ ಮುಚ್ಚುವಂತೆ ಅದು ಮಾಡಿತು. ವಕೀಲರನ್ನು ಹಿಡಿಯಬೇಕಿಲ್ಲ, ಅರ್ಜಿ ಬರೆಯಬೇಕಿಲ್ಲ. ಪೊಲೀಸರಿಗೆ, ನ್ಯಾಯಾಲಯಗಳಿಗೆ ಅದು ಕಾಣುತ್ತದೆ. ಗುಮಾಸ್ತೆ ಕೆಲಸ ಕೊಡುವ ಅಂಗಡಿಯವನಿಗೆ, ಮನೆ ಬಾಡಿಗೆಗೆ ಕೊಡುವವನಿಗೆ ಕಾಣದು. ಇಂಥ ಸ್ವಯಂಚಾಲಿತ ವ್ಯವಸ್ಥೆ ಅಮೆರಿಕದಲ್ಲಿ ಇದೇ ಮೊದಲು. ರಿಪಬ್ಲಿಕನ್ನರೂ ಡೆಮಾಕ್ರಾಟರೂ ಕೂಡಿ ತಂದರು. 2019ರ ಜೂನ್ 28ರಿಂದ ಮೊದಲಾಗಿ ಒಂದೇ ವರ್ಷದಲ್ಲಿ 3 ಕೋಟಿಗೂ ಹೆಚ್ಚು ಪ್ರಕರಣಗಳು ಹೀಗೆ ಮುಚ್ಚಿದವು. 2023ರ ಡಿಸೆಂಬರ್‌ನಲ್ಲಿ ಈ ಕಾಯ್ದೆಯನ್ನು ಇನ್ನಷ್ಟು ವಿಸ್ತರಿಸಿ, 10 ವರ್ಷವನ್ನು 7ಕ್ಕೆ ಇಳಿಸುವ ಮಸೂದೆಗೆ ಸಹಿ ಹಾಕಿದ ಗವರ್ನರ್ ಇದೇ ಜೋಶ್ ಶಪಿರೊ. ಪಾದ್ರಿಗಳ ಮುಚ್ಚಿಟ್ಟ ದಫ್ತರವನ್ನು ಬಯಲಿಗೆ ತಂದ ಕೈಯೇ ಸಾಮಾನ್ಯರ ಹಳೆಯ ದಫ್ತರವನ್ನು ಮುಚ್ಚಿತು. ಇದರಲ್ಲಿ ವಿರೋಧವಿಲ್ಲ. ಯಾವುದು ಯಾರಿಗೆ, ಎಷ್ಟು ಕಾಲ, ಏತಕ್ಕಾಗಿ ಕಾಣಬೇಕು ಎಂದು ವಿಂಗಡಿಸುವುದೇ ವಿವೇಕ.

ಮಕ್ಕಳ ಕಾನೂನಿನಲ್ಲಿ ಈ ವಿವೇಕ ಬಹುಮಟ್ಟಿಗೆ ಇದೆ. ಮಕ್ಕಳ ಸಂಪರ್ಕದಿಂದ ದೂರವಿಡುವ ಅಪರಾಧಗಳ ಅದರ ಪಟ್ಟಿಯಲ್ಲಿ ಕೊಲೆ, ಅಪಹರಣ, ಲೈಂಗಿಕ ದೌರ್ಜನ್ಯ, ಮಕ್ಕಳನ್ನು ಅಪಾಯಕ್ಕೆ ಒಡ್ಡುವುದು ಇಂಥವಿವೆ. ಕಳ್ಳತನ ಇಲ್ಲ. ಹನ್ನೆರಡನೆಯ ಶತಮಾನದ ಉರಿಲಿಂಗಪೆದ್ದಿಯ ಕಥೆಯನ್ನು ಇಲ್ಲಿ ನೆನೆಯಬೇಕು. ಕನ್ನ ಹಾಕಲು ಬಂದ ಮನೆಯಲ್ಲಿ ಉರಿಲಿಂಗದೇವರು ದೀಕ್ಷೆ ಕೊಡುವುದನ್ನು ಮರೆಯಲ್ಲಿ ನಿಂತು ಕಂಡು ಮನಸ್ಸು ಕರಗಿ, ಅವರ ಶಿಷ್ಯನಾಗಿ, ಮುಂದೆ ಗುರುವಿನ ಮಠಕ್ಕೇ ಒಡೆಯನಾದ ಶರಣ ಅವನೆಂದು ಪರಂಪರೆ ಹೇಳುತ್ತದೆ. ಪೆನ್ಸಿಲ್ವೇನಿಯಾದ ಕನ್ನಡ ತರಗತಿಯಲ್ಲಿ ಉರಿಲಿಂಗಪೆದ್ದಿ ಪಾಠ ಹೇಳಲು ಬಂದರೆ ಆ ರಾಜ್ಯದ ಕಾನೂನು ಅವನನ್ನು ತಡೆಯುವುದಿಲ್ಲ. ವೃದ್ಧರ ಆರೈಕೆಗೆ ಹೋಗಿದ್ದರೆ 2015ರವರೆಗೆ ತಡೆಯುತ್ತಿತ್ತು. ಒಂದೇ ರಾಜ್ಯದ ಎರಡು ಕಾನೂನುಗಳಲ್ಲಿ ಮನುಷ್ಯನ ಬಗ್ಗೆ ಎರಡು ದರ್ಶನಗಳಿದ್ದವು. ಒಂದು ಅಪಾಯವನ್ನು ಗುರುತಿಸಿ ಅದನ್ನಷ್ಟೇ ತಡೆಯಿತು. ಇನ್ನೊಂದು ಕಳಂಕವನ್ನು ಹುಡುಕಿ ಮನುಷ್ಯನನ್ನೇ ಹೊರಗಿಟ್ಟಿತು. ಮೊದಲನೆಯದು ಧರ್ಮಕ್ಕೆ ಒಪ್ಪುತ್ತದೆ, ಎರಡನೆಯದು ಒಪ್ಪುವುದಿಲ್ಲ.

ಕರ್ನಾಟಕದ ಓದುಗರಿಗೆ ಇದು ದೂರದ ವಿಷಯವಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳ ಪ್ರಕಾರ ಮಕ್ಕಳೊಂದಿಗೆ ನಿಯತ ಸಂಪರ್ಕವಿರುವ ಶಾಲೆ, ಶಿಶುವಿಹಾರ, ಕ್ರೀಡಾ ಅಕಾಡೆಮಿ ಇತ್ಯಾದಿ ಎಲ್ಲ ಸಂಸ್ಥೆಗಳೂ ಬೋಧಕ, ಬೋಧಕೇತರ ಸಿಬ್ಬಂದಿಯೆಲ್ಲರ ಪೊಲೀಸ್ ವೆರಿಫಿಕೇಶನ್ ಅನ್ನು ಕಾಲಕಾಲಕ್ಕೆ ಮಾಡಿಸಲೇಬೇಕು. ಮಠದ ಹಾಸ್ಟೆಲ್ಲು, ವೇದಪಾಠಶಾಲೆ, ಮದರಸಾ, ಕಾನ್ವೆಂಟ್ ಯಾವುದಕ್ಕೂ ಪವಿತ್ರತೆಯ ಹೆಸರಿನಲ್ಲಿ ವಿನಾಯಿತಿ ಸಲ್ಲದು. ಕಾವಿ, ನಿಲುವಂಗಿ, ಜಪಮಾಲೆ ಇವು ಭಕ್ತಿಯ ಗುರುತುಗಳು, ಚಾರಿತ್ರ್ಯದ ಪ್ರಮಾಣಪತ್ರಗಳಲ್ಲ. ವಿಚಾರಿಸಿದರೆ ಗುರುಗಳಿಗೆ ಅವಮಾನವಾದೀತು ಎಂದು ಹಿಂಜರಿಯುವವರು ಅನನೀಯನನ್ನು ನೆನೆಯಲಿ. ಅವನು ದೇವರ ಮುಂದೆಯೇ ವಿಚಾರಿಸಿದ.

ವಿಚಾರಿಸಿದ ಮೇಲೆ ಕಾಗದ ಸಿಕ್ಕಿತೆಂದು ಕಣ್ಣು ಮುಚ್ಚುವಂತಿಲ್ಲ. ಸ್ಯಾಂಡಸ್ಕಿ ಪ್ರಕರಣದ ನಂತರ ಬಂದ ಕಾನೂನುಗಳಲ್ಲಿ ಅವನನ್ನು ಮೊದಲೇ ತಡೆಯಬಹುದಾಗಿದ್ದದ್ದು ಬೆರಳಚ್ಚಿನ ನಿಯಮವಲ್ಲ, ಜನ ಹೆಚ್ಚು ಗಮನಿಸದ ಇನ್ನೊಂದು ಬದಲಾವಣೆ. ಮೊದಲು ಸಂಸ್ಥೆಯ ಸಿಬ್ಬಂದಿ ತಮ್ಮ ಅನುಮಾನವನ್ನು ಮೇಲಧಿಕಾರಿಗೆ ಹೇಳಿದರೆ ಕರ್ತವ್ಯ ಮುಗಿಯುತ್ತಿತ್ತು. 2014ರ ತಿದ್ದುಪಡಿಯ ನಂತರ, ಅನುಮಾನ ಬಂದವರೇ ನೇರವಾಗಿ, ಮಕ್ಕಳ ಮೇಲಿನ ದೌರ್ಜನ್ಯದ ದೂರು ಪಡೆಯುವ ರಾಜ್ಯದ ಚೈಲ್ಡ್‌ಲೈನ್‌ಗೆ ತಿಳಿಸಬೇಕು. ಮೇಲಿನವರಿಗೆ ಹೇಳುವುದು ಅದರ ನಂತರದ ಮಾತು. ಪಾದ್ರಿ, ಪುರೋಹಿತರೂ ಈ ಹೊಣೆಗೆ ಒಳಪಟ್ಟವರೇ, ಪಾಪನಿವೇದನೆಯಲ್ಲಿ ಕೇಳಿದ್ದನ್ನು ಮಾತ್ರ ಆ ರಾಜ್ಯದ ಕಾನೂನು ಹೊರಗಿಟ್ಟಿದೆ. ಮೆಟ್ಟಿಲು ಹತ್ತುತ್ತ ಕಳೆದುಹೋಗುತ್ತಿದ್ದ ಮಾತಿಗೆ ಹೀಗೆ ನೇರ ಬಾಗಿಲು ಸಿಕ್ಕಿತು. ಭಾರತದಲ್ಲಿ ಪೋಕ್ಸೊ ಕಾಯ್ದೆಯ 19ನೇ ಕಲಂ ಅದೇ ಹೊಣೆಯನ್ನು ಪ್ರತಿಯೊಬ್ಬರ ಮೇಲೂ ಹೊರಿಸಿದೆ.

ಮನೆಯಲ್ಲಿ, ತರಗತಿಯಲ್ಲಿ, ಗುಡಿಯ ಜಗಲಿಯಲ್ಲಿ ಮಗುವೊಂದು ಏನನ್ನೋ ಹೇಳಲು ತಡವರಿಸಿದರೆ, ಎದುರಿಗಿರುವವರು ಎಷ್ಟೇ ದೊಡ್ಡವರಾಗಿರಲಿ, ಅವರ ಪ್ರಮಾಣಪತ್ರ ಎಷ್ಟೇ ಶುಭ್ರವಾಗಿರಲಿ, ಆ ಮಗುವಿನ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ. ಭಾರತದಲ್ಲಿ ಮಕ್ಕಳ ಸಹಾಯವಾಣಿ 1098, ಹಗಲೂ ರಾತ್ರಿ ಎಚ್ಚರವಾಗಿರುತ್ತದೆ.